ಪ್ರೋಪೇನ್ ಹೀಟರಿನಿಂದ ನೆಲ ಬೆಚ್ಚಗಾಗಿಸುವುದು: ಹೀಟರನ್ನು ಕೊನೆಗೆ ಕೊಳ್ಳುವವರಿಗೆ ಮಾರ್ಗದರ್ಶಿ

ಅಮೆರಿಕದ ಮಿಷಿಗನ್, ಮಿನ್ನೆಸೋಟ, ವರ್ಮಾಂಟ್ ಕಡೆ ಊರಾಚೆ ಮನೆ ಮಾಡಿದ ಕನ್ನಡದ ಗೆಳೆಯರಿಂದ ಚಳಿ ಶುರುವಾಗುವ ಹೊತ್ತಿಗೆ ಒಂದೇ ಥರದ ದೂರು ಬರುತ್ತದೆ. ನ್ಯಾಚುರಲ್ ಗ್ಯಾಸಿನ ಪೈಪು ಅಲ್ಲಿಗೆ ತಲುಪುವುದಿಲ್ಲ. ಅಂಗಳದಲ್ಲಿ ಪ್ರೋಪೇನ್ ಟ್ಯಾಂಕ್ ಇದೆ, ಬಿಸಿನೀರು ಹರಿಸಿ ನೆಲ ಬೆಚ್ಚಗಾಗಿಸಲು ಅದರಡಿ ಕೊಳವೆ ಹಾಸಿದ್ದಾಗಿದೆ, ಒಳ್ಳೆಯ ಬೆಲೆಗೆ ಸಿಕ್ಕಿತೆಂದು ದೊಡ್ಡ ಟ್ಯಾಂಕ್‌ಲೆಸ್ ಹೀಟರನ್ನೂ (ನೀರನ್ನು ಕೂಡಿಡದೆ ಹರಿಯುವಾಗಲೇ ಕಾಯಿಸುವುದು) ತಂದು ಗೋಡೆಗೆ ತೂಗುಹಾಕಿದ್ದಾಗಿದೆ. ಈಗ ಹೀಟರು ಎರಡು ನಿಮಿಷ ಉರಿಯುತ್ತದೆ, ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಒಂದು ಕೋಣೆ ಬೆಚ್ಚಗೆ, ಪಕ್ಕದ್ದು ತಣ್ಣಗೆ. ಗ್ಯಾಸ್ ಬಿಲ್ಲು ಮಾತ್ರ ಬಿಸಿ.

ಇಂಥ ಮನೆಗಳಲ್ಲಿ ಹೀಟರು ಕೆಟ್ಟಿರುವುದು ಅಪರೂಪ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಮನೆ ಎಷ್ಟು ಶಾಖ ಕಳೆದುಕೊಳ್ಳುತ್ತದೆಂಬ ಲೆಕ್ಕ, ಆಮೇಲೆ ನೆಲ, ಆಮೇಲೆ ನೀರಿನ ಹರಿವು, ಕಟ್ಟಕಡೆಗೆ ಹೀಟರು. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ತಾಪಮಾನಗಳೆಲ್ಲ ಫ್ಯಾರನ್‌ಹೀಟಿನಲ್ಲಿವೆ, ಏಕೆಂದರೆ ಅಲ್ಲಿನ ಕೈಪಿಡಿಗಳೂ ಥರ್ಮೋಸ್ಟ್ಯಾಟ್‌ಗಳೂ ಮಾತಾಡುವುದು ಅದೇ ಭಾಷೆ.

## ಕೈಗೆ ಬೇಕಾದ ಸಾಮಾನು

ಪೆಕ್ಸ್ (ನೆಲದಡಿ ಹಾಸುವ ಪ್ಲಾಸ್ಟಿಕ್ ಕೊಳವೆ) ಕತ್ತರಿಸುವ ಮತ್ತು ಜೋಡಿಸುವ ಸಲಕರಣೆ, 100 ಪಿಎಸ್‌ಐವರೆಗಿನ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಪ್ರೆಶರ್ ಗೇಜ್, ಪೈಪಿಗೆ ಕಟ್ಟುವ ಎರಡು ಥರ್ಮಾಮೀಟರು, ನೀರು ತುಂಬಲು ಒಂದು ಯುಟಿಲಿಟಿ ಪಂಪು, ಎರಡು ಹೋಸ್, ದೊಡ್ಡ ಬಕೆಟ್ಟು, ಸೋಪಿನ ನೀರು. ಗ್ಯಾಸ್ ಒತ್ತಡ ಅಳೆಯುವ ಮ್ಯಾನೋಮೀಟರ್ ಮತ್ತು ಹೊಗೆ ಅಳೆಯುವ ಅನಲೈಸರ್ ಲೈಸೆನ್ಸ್ ಇರುವ ಗ್ಯಾಸ್ ಫಿಟ್ಟರ್ ಬಳಿ ಇರಬೇಕು. ಅವರ ಬಳಿ ಇಲ್ಲವಾದರೆ ಬೇರೆಯವರನ್ನು ಹುಡುಕಿ.

ಎಷ್ಟು ಕೆಲಸ ನೀವೇ ಮಾಡಬಹುದು? ಕೊಳವೆ ಹಾಸುವುದು, ಇನ್ಸುಲೇಷನ್, ಮ್ಯಾನಿಫೋಲ್ಡ್ (ನೀರನ್ನು ಒಂದೊಂದು ಕೊಳವೆ ಸುರುಳಿಗೆ ಹಂಚುವ ಭಾಗ), ನೀರು ತುಂಬುವುದನ್ನು ಕೈ ಪಳಗಿದವರು ಧಾರಾಳವಾಗಿ ಮಾಡಿಕೊಳ್ಳಬಹುದು. ಗ್ಯಾಸ್ ಲೈನು ಮತ್ತು ಹೊಗೆಕೊಳವೆಗೆ ಮಾತ್ರ ಕೈ ಹಾಕಬೇಡಿ. ಊರಿನ ಬಿಲ್ಡಿಂಗ್ ಕಚೇರಿಯ ಪರ್ಮಿಟ್ಟನ್ನು ಕೆಲಸಕ್ಕೆ ಮುಂಚೆಯೇ ತೆಗೆದುಕೊಳ್ಳಿ. ಕೊಳವೆಯ ಮೇಲೆ ಕಾಂಕ್ರೀಟ್ ಸುರಿದ ಮೇಲೆ ಇನ್‌ಸ್ಪೆಕ್ಟರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

## ಹಂತ 1: ಮನೆಯ ಶಾಖನಷ್ಟ ಲೆಕ್ಕ ಹಾಕಿ

ಒಂದು ಹಳೆಯ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 1,200 ಚದರ ಅಡಿ, ಒಳಗೆ 70 ಡಿಗ್ರಿ ಬೇಕು, ಹೊರಗೆ ಕೆಟ್ಟ ರಾತ್ರಿ ಮೈನಸ್ 10. ವ್ಯತ್ಯಾಸ 80 ಡಿಗ್ರಿ.

ಗೋಡೆ 1,000 ಚದರ ಅಡಿ, ಆರ್-13 (ಆರ್ ಎಂದರೆ ಶಾಖವನ್ನು ತಡೆಯುವ ಶಕ್ತಿಯ ಅಂಕ). ವಿಸ್ತೀರ್ಣವನ್ನು ಆರ್‌ನಿಂದ ಭಾಗಿಸಿ 80ರಿಂದ ಗುಣಿಸಿದರೆ ಗಂಟೆಗೆ ಸುಮಾರು 6,150 ಬಿಟಿಯು (ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಏರಿಸುವ ಶಾಖ ಒಂದು ಬಿಟಿಯು). ಕಿಟಕಿ ಬರೀ 150 ಚದರ ಅಡಿ, ಆದರೆ ಹಳೆಯ ಜೋಡಿ ಗಾಜಿನ ಆರ್ ಬರೀ 2, ಹಾಗಾಗಿ ಅಲ್ಲೇ 6,000. ಇಡೀ ಗೋಡೆಯಷ್ಟೇ ಶಾಖವನ್ನು ನಾಲ್ಕಾರು ಕಿಟಕಿಗಳು ನುಂಗುತ್ತವೆ. ಆರ್-30 ಮೇಲ್ಛಾವಣಿಗೆ 3,200. ಸಂದಿಗೊಂದಿಯ ಗಾಳಿಯ ಲೆಕ್ಕ ಹೀಗೆ: ಮನೆಯ ಘನ ಅಡಿ, ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂಬ ಸಂಖ್ಯೆ (ಇಲ್ಲಿ 0.7), 0.018 (ಒಂದು ಘನ ಅಡಿ ಗಾಳಿಯನ್ನು ಒಂದು ಡಿಗ್ರಿ ಏರಿಸುವ ಬಿಟಿಯು), 80, ಎಲ್ಲವನ್ನೂ ಗುಣಿಸಿ. 8 ಅಡಿ ಎತ್ತರದ ಈ ಮನೆಗೆ 9,600 × 0.7 × 0.018 × 80, ಅಂದರೆ ಸುಮಾರು 9,700. ಬಾಗಿಲು ಮತ್ತು ನೆಲದ ಅಂಚಿಗೆ 5,000 ಸೇರಿಸಿ. ಒಟ್ಟು 30,000.

ಇಲ್ಲಿ ಆಗುವ ತಪ್ಪು ಒಂದೇ: ಈ ಲೆಕ್ಕ ಬಿಟ್ಟು ಹಳೆಯ ಫರ್ನೇಸಿನ (ಮನೆಗೆ ಬಿಸಿಗಾಳಿ ಊದುವ ಯಂತ್ರ) ಮೇಲೆ ಬರೆದ ಸಂಖ್ಯೆಯನ್ನು ನಂಬುವುದು. ಆ ಫರ್ನೇಸ್ 80,000 ಇದ್ದರೆ, ಅದನ್ನು ಹಾಕಿದವರು ಕೂಡ ಲೆಕ್ಕ ಹಾಕಿರಲಿಲ್ಲ ಎಂದಷ್ಟೇ ಅರ್ಥ. 30,000 ಕೂಡ ವರ್ಷದ ಕೆಲವೇ ರಾತ್ರಿಗಳ ಬೇಡಿಕೆ. ಉಳಿದ ದಿನ ಅರ್ಧ, ಏಪ್ರಿಲಿನಲ್ಲಿ ಐದನೇ ಒಂದು ಪಾಲು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

## ಹಂತ 2: ನೆಲಕ್ಕೆ ಅಷ್ಟು ಶಾಖ ಕೊಡಲು ಆಗುತ್ತದೆಯೇ?

ಕೋಣೆಗಿಂತ ನೆಲ ಒಂದು ಡಿಗ್ರಿ ಹೆಚ್ಚು ಬೆಚ್ಚಗಿದ್ದರೆ, ಪ್ರತಿ ಚದರ ಅಡಿಯಿಂದ ಗಂಟೆಗೆ ಸುಮಾರು 2 ಬಿಟಿಯು ಹೊರಬರುತ್ತದೆ. ನೆಲದ ಮೇಲ್ಮೈ 85 ಡಿಗ್ರಿ ದಾಟಬಾರದು. ದಾಟಿದರೆ ಪಾದ ಬೆವರುತ್ತದೆ, ಮರದ ನೆಲ ಬಿರಿಯುತ್ತದೆ. ಮರಕ್ಕೆ 82ರಲ್ಲೇ ನಿಲ್ಲಿಸುವುದು ಕ್ಷೇಮ.

ನಮ್ಮ ಮನೆಯ 1,200 ಚದರ ಅಡಿಯಲ್ಲಿ ಅಡುಗೆಮನೆಯ ಕಪಾಟು, ಸ್ನಾನದ ತೊಟ್ಟಿ ಮುಂತಾದವು ಕೂರುವ ಜಾಗ ಕಳೆದರೆ ಕೊಳವೆಗೆ ಸಿಗುವುದು 1,000. ಚದರ ಅಡಿಗೆ 30 ಬಿಟಿಯು ಬೇಕು, ಅಂದರೆ ನೆಲ 85 ಡಿಗ್ರಿ. ಸರಿಯಾಗಿ ಗಡಿರೇಖೆಯ ಮೇಲೆ. ದಪ್ಪ ಕಾರ್ಪೆಟ್ ಹಾಸಿದರೆ ಸೋಲು ಖಚಿತ. ಇಂಥ ಮನೆಗೆ ಹೀಟರಿಗಿಂತ ಮೊದಲು ಕಿಟಕಿ ಬದಲಿಸಿ, ಸಂದಿ ಮುಚ್ಚಿ. ಆ ದುಡ್ಡು ಪ್ರತಿ ಚಳಿಗಾಲದಲ್ಲೂ ವಾಪಸ್ಸು ಬರುತ್ತದೆ.

ಅರ್ಧ ಇಂಚಿನ ಪೆಕ್ಸ್ ಕೊಳವೆಯನ್ನು 12 ಇಂಚು ಅಂತರದಲ್ಲಿ ಹಾಸಿದರೆ ಚದರ ಅಡಿಗೆ ಒಂದು ಅಡಿ ಕೊಳವೆ. ಹೊರಗೋಡೆಯ ಬದಿಗೆ ಅಂತರವನ್ನು 9 ಇಂಚು ಅಥವಾ ಅದಕ್ಕಿಂತ ಕಡಿಮೆ ಮಾಡಿ. ಒಂದು ಸುರುಳಿ 300 ಅಡಿ ಮೀರಬಾರದು. ಎಲ್ಲ ಸುರುಳಿಗಳೂ ಹೆಚ್ಚುಕಡಿಮೆ ಒಂದೇ ಉದ್ದವಿರಲಿ, ನೀರು ಯಾವಾಗಲೂ ಗಿಡ್ಡ ದಾರಿ ಹುಡುಕುತ್ತದೆ. ನಮ್ಮ ಮನೆಗೆ 270 ಅಡಿ ಆಸುಪಾಸಿನ ನಾಲ್ಕು ಸುರುಳಿ ಸಾಕು.

ಪೆಕ್ಸ್ ಕೊಳ್ಳುವಾಗ ಆಕ್ಸಿಜನ್ ತಡೆಪದರ ಇದೆಯೇ ಎಂದು ನೋಡಲೇಬೇಕು. ನಲ್ಲಿ ನೀರಿನ ಸಾದಾ ಪೆಕ್ಸ್ ಅಗ್ಗ, ಆದರೆ ಅದರ ಗೋಡೆಯ ಮೂಲಕ ಆಕ್ಸಿಜನ್ ನುಸುಳಿ ಎರಕದ ಕಬ್ಬಿಣದ ಪಂಪನ್ನು ಒಳಗಿಂದ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದರೆ ಕಾರಣ ಇದೇ.

ಕಾಂಕ್ರೀಟಿನ ಅಡಿಗೆ ಕನಿಷ್ಠ 2 ಇಂಚು ಗಟ್ಟಿ ಫೋಮ್ ಹಲಗೆ, ಅಂಚಿಗೂ ಅಷ್ಟೇ. ಇದನ್ನು ಬಿಟ್ಟರೆ ನೀವು ಕಾಯಿಸುವುದು ಮನೆಯನ್ನಲ್ಲ, ಎರೆಹುಳುಗಳನ್ನು. ಮರದ ನೆಲದ ಅಡಿಯಿಂದ ಕೊಳವೆ ಕಟ್ಟುವುದಾದರೆ ಅಲ್ಯೂಮಿನಿಯಂ ಪಟ್ಟಿ ಬೇಕು, ನೀರೂ ಹೆಚ್ಚು ಬಿಸಿ ಬೇಕು: ಕಾಂಕ್ರೀಟಿಗೆ 90ರಿಂದ 120 ಡಿಗ್ರಿ ಸಾಕಾದರೆ ಇದಕ್ಕೆ 120ರಿಂದ 140.

## ಹಂತ 3: ಹರಿವು ಮತ್ತು ಪಂಪು

ಇಡೀ ವಿದ್ಯೆ ನಿಂತಿರುವುದು ಒಂದು ಸೂತ್ರದ ಮೇಲೆ. ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು ಹರಿಯಬೇಕೆಂದು ತಿಳಿಯಲು, ಬಿಟಿಯುವನ್ನು 500ರಿಂದ ಭಾಗಿಸಿ, ಹೋಗುವ ಮತ್ತು ಮರಳುವ ನೀರಿನ ತಾಪವ್ಯತ್ಯಾಸದಿಂದ ಮತ್ತೆ ಭಾಗಿಸಿ. 500 ಎಲ್ಲಿಂದ ಬಂತು? ಒಂದು ಗ್ಯಾಲನ್ ನೀರಿನ ತೂಕ 8.33 ಪೌಂಡ್, ಗಂಟೆಗೆ 60 ನಿಮಿಷ, ಗುಣಿಸಿ ನೋಡಿ.

ನಮ್ಮ ಮನೆಗೆ 20 ಡಿಗ್ರಿ ವ್ಯತ್ಯಾಸ ಇಟ್ಟುಕೊಂಡರೆ ನಿಮಿಷಕ್ಕೆ 3 ಗ್ಯಾಲನ್, ಸುರುಳಿಗೆ ಮುಕ್ಕಾಲು ಗ್ಯಾಲನ್. 10 ಡಿಗ್ರಿ ಇಟ್ಟರೆ 6 ಗ್ಯಾಲನ್. ನೆಲ ಒಂದೇ ಸಮ ಬೆಚ್ಚಗಿರಲು ಸಣ್ಣ ವ್ಯತ್ಯಾಸ ಒಳ್ಳೆಯದು, ಪಂಪಿಗೆ ದೊಡ್ಡದು ಒಳ್ಳೆಯದು. 15ರ ಆಸುಪಾಸು ರಾಜಿ.

ಪಂಪಿನ ತಳ್ಳುಬಲ ಲೆಕ್ಕ ಹಾಕುವಾಗ ನಾಲ್ಕೂ ಸುರುಳಿಗಳ ತಡೆಯನ್ನು ಕೂಡಿಸುವವರಿದ್ದಾರೆ. ಕೂಡಿಸಬೇಡಿ. ಅವು ಅಕ್ಕಪಕ್ಕದ ದಾರಿಗಳು, ಅತಿ ಉದ್ದದ ಒಂದರ ತಡೆಯನ್ನು ಮಾತ್ರ ಹಿಡಿಯಬೇಕು. ಅದನ್ನು ಪೆಕ್ಸ್ ತಯಾರಕರ ಪಟ್ಟಿಯಿಂದ ತೆಗೆದುಕೊಂಡು ಮ್ಯಾನಿಫೋಲ್ಡ್ ಮತ್ತು ವಾಲ್ವುಗಳ ತಡೆ ಸೇರಿಸಿ.

## ಹಂತ 4: ಈಗ ಹೀಟರು

ದಾರಿ ಮೂರಿವೆ. ಗೊಂದಲ ಹುಟ್ಟುವುದು ಮೂರೂ ನೀರನ್ನೇ ಕಾಯಿಸುತ್ತವೆ ಎಂಬುದರಿಂದ.

ಮೊದಲನೆಯದು ಟ್ಯಾಂಕ್‌ಲೆಸ್, ನಮ್ಮೂರ ಗ್ಯಾಸ್ ಗೀಸರಿನ ದೈತ್ಯ ಅಣ್ಣ. ಇದರ ಸ್ವಭಾವವೇ ನೆಲಕ್ಕೆ ವಿರುದ್ಧ. 50 ಡಿಗ್ರಿಯ ತಣ್ಣೀರನ್ನು ಒಂದೇ ಏಟಿಗೆ 120ಕ್ಕೆ ಏರಿಸಲು ಇದನ್ನು ಮಾಡಿದ್ದಾರೆ. ನೆಲದಿಂದ ಮರಳುವ ನೀರಾದರೋ ಆಗಲೇ 100 ಡಿಗ್ರಿ ಇರುತ್ತದೆ, ಬೇಕಾದ್ದು 110. ನಿಮಿಷಕ್ಕೆ 3 ಗ್ಯಾಲನ್ ಹರಿದರೆ ಆ 10 ಡಿಗ್ರಿಗೆ ಬೇಕಾದ್ದು 15,000 ಬಿಟಿಯು. ದೊಡ್ಡ ಟ್ಯಾಂಕ್‌ಲೆಸ್‌ಗಳ ಅತಿ ಸಣ್ಣ ಉರಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಏಪ್ರಿಲಿನ ದಿನ ಮನೆಗೆ 6,000 ಸಾಕು, ಅದರಲ್ಲೂ ಒಂದೇ ಕೋಣೆಯ ಥರ್ಮೋಸ್ಟ್ಯಾಟ್ ಕೂಗಿದರೆ 3,000. ಬರ್ನರ್ ಹೊತ್ತಿ, ನೀರು ಮಿತಿ ಮೀರಿ, ಆರಿ, ಮತ್ತೆ ಹೊತ್ತಿಕೊಳ್ಳದೆ ಬೇರೆ ದಾರಿಯೇ ಇಲ್ಲ. ಹರಿವು ನಿಮಿಷಕ್ಕೆ ಅರ್ಧ ಗ್ಯಾಲನ್ನಿಗಿಂತ ಇಳಿದರೆ ಹಲವು ಮಾಡೆಲ್‌ಗಳು ಹೊತ್ತಿಕೊಳ್ಳುವುದೇ ಇಲ್ಲ. ಸಾಲದೆಂಬಂತೆ ಅದರ ಒಳಗಿನ ಸಪೂರ ಕೊಳವೆ ಒಡ್ಡುವ ತಡೆಗೆ ಸಾಮಾನ್ಯ ಪುಟ್ಟ ಪಂಪು ಸೋತುಬಿಡುತ್ತದೆ.

ಅದನ್ನೇ ಬಳಸಬೇಕೆಂದಿದ್ದರೆ ಮೂರು ಷರತ್ತು. ಕೈಪಿಡಿಯಲ್ಲಿ ಮನೆ ಕಾಯಿಸುವ ಬಳಕೆಗೆ ಒಪ್ಪಿಗೆ ಇರಬೇಕು, ಇಲ್ಲದಿದ್ದರೆ ವಾರಂಟಿ ಹೋಯಿತು. ಹೀಟರಿಗೆ ಅದರದ್ದೇ ಬಲವಾದ ಪಂಪು ಬೇಕು. ನಡುವೆ ಬಫರ್ ಟ್ಯಾಂಕ್, ಅಂದರೆ ಹೆಚ್ಚಾದ ಬಿಸಿನೀರನ್ನು ಕೂಡಿಡುವ ಟ್ಯಾಂಕ್ ಬೇಕು. ಬಫರಿನ ಅಳತೆ: ಬರ್ನರಿನ ಕನಿಷ್ಠ ಉರಿಯಿಂದ ಅತಿ ಸಣ್ಣ ಬೇಡಿಕೆಯನ್ನು ಕಳೆಯಿರಿ, ಬರ್ನರ್ ಒಮ್ಮೆಗೆ ಎಷ್ಟು ನಿಮಿಷ ಉರಿಯಬೇಕೋ ಅದರಿಂದ ಗುಣಿಸಿ, 500ರಿಂದಲೂ ಟ್ಯಾಂಕಿನ ತಾಪದ ಏರಿಳಿತದಿಂದಲೂ ಭಾಗಿಸಿ. 15,000ರಲ್ಲಿ 3,000 ಕಳೆದು, 10 ನಿಮಿಷ, 10 ಡಿಗ್ರಿ ಎಂದರೆ 24 ಗ್ಯಾಲನ್.

ಎರಡನೆಯದು ಟ್ಯಾಂಕ್ ಇರುವ ಪ್ರೋಪೇನ್ ವಾಟರ್ ಹೀಟರು, 40 ಅಥವಾ 50 ಗ್ಯಾಲನ್ನಿನದು. ಬಚ್ಚಲಿನ ಹಂಡೆಯ ಹಾಗೆ ನಿಧಾನ, ಆದರೆ ಕ್ಷಮಾಗುಣ ಹೆಚ್ಚು, ಬಫರ್ ಅದರ ಹೊಟ್ಟೆಯಲ್ಲೇ ಇದೆ. 40,000 ಬಿಟಿಯು ಉರಿಸಿದರೆ ನೀರಿಗೆ ಸೇರುವುದು 30,000ದಷ್ಟು, ನಮ್ಮ ಮನೆಗೆ ಅಂಚಿನಲ್ಲಿ ಸಾಕು. ಆದರೆ ಅದೇ ಟ್ಯಾಂಕ್ ನಲ್ಲಿಗೂ ನೀರು ಕೊಡುವುದಾದರೆ ಅತಿ ಚಳಿಯ ಬೆಳಿಗ್ಗೆ ಸ್ನಾನ ಮತ್ತು ನೆಲದ ನಡುವೆ ಜಗಳ. ಚಿಕ್ಕ, ಚೆನ್ನಾಗಿ ಇನ್ಸುಲೇಟ್ ಆದ ಮನೆಗೆ ಮಾತ್ರ ಇದನ್ನು ಹೇಳುತ್ತೇನೆ. ಕೈಪಿಡಿಯ ಷರತ್ತು ಇಲ್ಲೂ ಉಂಟು.

ನಲ್ಲಿಯ ನೀರನ್ನೇ ನೆಲದ ಸುರುಳಿಗಳಲ್ಲಿ ಓಡಿಸುವ ಅಗ್ಗದ ಜೋಡಣೆ ಇದೆ, ದಯವಿಟ್ಟು ಬೇಡ. ಬೇಸಿಗೆಯಿಡೀ ಆ ನೀರು ಕೊಳವೆಯಲ್ಲಿ ಉಗುರುಬೆಚ್ಚಗೆ ನಿಂತು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಗೆ ತೊಟ್ಟಿಲಾಗುತ್ತದೆ, ಆಮೇಲೆ ಶವರಿನಲ್ಲಿ ಬರುತ್ತದೆ. ನಡುವೆ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಶಾಖವನ್ನಷ್ಟೇ ದಾಟಿಸುವ ತಗಡುಗಳ ಡಬ್ಬ) ಹಾಕಿ ಎರಡೂ ನೀರನ್ನು ಬೇರೆ ಇಡಿ.

ಮೂರನೆಯದು ಕಂಡೆನ್ಸಿಂಗ್ ಬಾಯ್ಲರ್. ದುಬಾರಿ, ಆದರೆ ಈ ಕೆಲಸಕ್ಕೆಂದೇ ಹುಟ್ಟಿದ್ದು. ಮರಳುವ ನೀರು ಸುಮಾರು 130 ಡಿಗ್ರಿಗಿಂತ ಕೆಳಗಿದ್ದಾಗ ಹೊಗೆಯಲ್ಲಿನ ಆವಿ ನೀರಾಗಿ, ಅದರ ಶಾಖವೂ ನಮಗೆ ಸಿಗುತ್ತದೆ. ನೆಲದಿಂದ ಬರುವ ನೀರು ಸದಾ ಅದಕ್ಕಿಂತ ಕೆಳಗೇ ಇರುತ್ತದೆ. ಹೊರಗಿನ ಚಳಿ ನೋಡಿ ನೀರಿನ ತಾಪವನ್ನು ತಾನೇ ಇಳಿಸಿ ಏರಿಸುವ ಸೆನ್ಸರನ್ನು ಮರೆಯದೆ ಹಾಕಿಸಿ. ಡಬ್ಬದಲ್ಲೇ ಬಂದ ಆ ಸೆನ್ಸರ್ ಎಷ್ಟೋ ಮನೆಗಳಲ್ಲಿ ಕಪಾಟಿನಲ್ಲಿ ಧೂಳು ಹಿಡಿಯುತ್ತಿದೆ. ಕೊಳ್ಳುವಾಗ ಗರಿಷ್ಠ ಬಿಟಿಯು ಕೇಳಬೇಡಿ, ಕನಿಷ್ಠ ಎಷ್ಟೆಂದು ಕೇಳಿ.

ಹಳೆಯ ಸಾದಾ ಬಾಯ್ಲರಿಗೆ ಇದೇ ತಣ್ಣನೆಯ ನೀರು ವಿಷ. ಹೊಗೆ ಒಳಗೇ ಬೆವರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಅಂಥದ್ದಿದ್ದರೆ ಮರಳುವ ನೀರನ್ನು 130ರ ಮೇಲೆ ಕಾಯುವಂತೆ ಬಿಸಿನೀರು ಬೆರೆಸುವ ಮಿಕ್ಸಿಂಗ್ ವಾಲ್ವು ಬೇಕೇ ಬೇಕು.

ಕ್ಯಾಂಪಿಂಗಿನ ಶವರ್ ಹೀಟರನ್ನು ಮನೆಯೊಳಗೆ ತಂದು ಪ್ರಯೋಗ ಮಾಡುವವರಿಗೆ ಒಂದೇ ಮಾತು. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಂಡವರ ಸುದ್ದಿಯನ್ನು ಬೆಂಗಳೂರಿನ ಪೇಪರುಗಳಲ್ಲಿ ನಾವೆಲ್ಲ ಓದಿದ್ದೇವೆ. ಹೊಗೆಕೊಳವೆ ಇಲ್ಲದ ಹೀಟರು ಬಯಲಿಗೆ ಮಾತ್ರ.

## ಹಂತ 5: ಟ್ಯಾಂಕ್ ಮತ್ತು ಗ್ಯಾಸ್ ಲೈನು

ಒಂದು ಗ್ಯಾಲನ್ ಪ್ರೋಪೇನಿನಲ್ಲಿ ಸುಮಾರು 91,500 ಬಿಟಿಯು. ಬಾರ್ಬೆಕ್ಯೂನ 20 ಪೌಂಡಿನ ಸಿಲಿಂಡರಿನಲ್ಲಿ 4.7 ಗ್ಯಾಲನ್, ನಮ್ಮ ಮನೆಯ ಪೂರ್ತಿ ಉರಿಗೆ 14 ಗಂಟೆ. ಅದೂ ಕಾಗದದ ಮೇಲೆ. ನಿಜದಲ್ಲಿ ಚಳಿಗೆ ದ್ರವ ಆವಿಯಾಗುವ ವೇಗ ಕುಸಿದು, ಸಿಲಿಂಡರಿನ ಮೈಮೇಲೆ ಹಿಮ ಕಟ್ಟಿ, ಅರ್ಧ ತುಂಬಿರುವಾಗಲೇ ಉರಿ ಸೊರಗುತ್ತದೆ. ಟ್ಯಾಂಕ್ ದೊಡ್ಡದಾದಷ್ಟೂ ಆವಿ ಹುಟ್ಟಲು ಮೈ ಹೆಚ್ಚು. 500 ಗ್ಯಾಲನ್ನಿನ ಟ್ಯಾಂಕಿಗೆ 80 ಪ್ರತಿಶತ ಮಾತ್ರ ತುಂಬುತ್ತಾರೆ, ಅಂದರೆ 400 ಗ್ಯಾಲನ್. ಸರಾಸರಿ 15,000 ಬಿಟಿಯು ಬೇಡಿಕೆಗೆ, ದಕ್ಷ ಬಾಯ್ಲರಿನಲ್ಲಿ ಮೂರು ತಿಂಗಳ ಬಾಳಿಕೆ. ಈ ಅಳತೆಯ ಟ್ಯಾಂಕ್ ಮನೆಯಿಂದ 10 ಅಡಿ ದೂರ ಇರಬೇಕು.

ನಮ್ಮ ಅಡುಗೆ ಸಿಲಿಂಡರಿನ ಅನುಭವ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಅದರಲ್ಲಿರುವ ಬ್ಯೂಟೇನ್ ನೀರು ಹೆಪ್ಪುಗಟ್ಟುವ ತಾಪದ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೋಪೇನ್ ಮೈನಸ್ 44ರವರೆಗೂ ಆವಿಯಾಗುತ್ತದೆ.

ಟ್ಯಾಂಕಿನ ಬಳಿ ಒಂದು ರೆಗ್ಯುಲೇಟರ್ ಒತ್ತಡವನ್ನು 10 ಪಿಎಸ್‌ಐಗೆ ಇಳಿಸುತ್ತದೆ, ಮನೆಯ ಗೋಡೆಯ ಬಳಿ ಇನ್ನೊಂದು 11 ಇಂಚು ಎತ್ತರದ ನೀರು ಒತ್ತುವಷ್ಟಕ್ಕೆ. ಹೀಟರು ಪೂರ್ತಿ ಉರಿಯುತ್ತಿರುವಾಗ, ಅಡುಗೆ ಒಲೆಯೂ ಹಚ್ಚಿರುವಾಗ ಆ ಒತ್ತಡವನ್ನು ಅಳೆಯಿಸಿ. ಸುಮ್ಮನಿರುವಾಗ ಸರಿಯಿದ್ದು ಉರಿಯುವಾಗ ಬಿದ್ದುಹೋದರೆ ಪೈಪು ಸಪೂರವಾಯಿತು ಎಂದರ್ಥ. ನ್ಯಾಚುರಲ್ ಗ್ಯಾಸಿನ ಹೀಟರನ್ನು ಅಗ್ಗಕ್ಕೆ ತಂದು ಹಾಗೆಯೇ ಪ್ರೋಪೇನಿಗೆ ಜೋಡಿಸಬಾರದು. ಒಂದು ಘನ ಅಡಿ ಪ್ರೋಪೇನಿನಲ್ಲಿ ಎರಡೂವರೆ ಪಟ್ಟು ಶಾಖವಿದೆ. ತಯಾರಕರ ಕಿಟ್ ಹಾಕಿ ಬದಲಿಸದಿದ್ದರೆ ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡೂ ಹುಟ್ಟುತ್ತವೆ.

## ಹಂತ 6: ಹೊಗೆ, ಗಾಳಿ, ಆಮ್ಲನೀರು

ಉರಿಗೆ ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಮಾದರಿ ಆರಿಸಿ. ಹೊಗೆಕೊಳವೆಯ ಬಾಯಿ ನಿರೀಕ್ಷಿತ ಹಿಮದ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಮೇಲಿರಲಿ. ಕಂಡೆನ್ಸಿಂಗ್ ಬಾಯ್ಲರಿನಿಂದ ಹೊರಬೀಳುವ ನೀರು ಆಮ್ಲೀಯ, ಸುಣ್ಣದಕಲ್ಲಿನ ಚೂರು ತುಂಬಿದ ಡಬ್ಬದ ಮೂಲಕ ಹಾಯಿಸಿ ಮೋರಿಗೆ ಬಿಡಿ. ಆ ಪೈಪನ್ನು ಹೊರಗೋಡೆಗುಂಟ ಒಯ್ದರೆ ಜನವರಿಯಲ್ಲಿ ಹೆಪ್ಪುಗಟ್ಟಿ ಬಾಯ್ಲರ್ ನಿಲ್ಲುತ್ತದೆ.

ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಬೇಸ್‌ಮೆಂಟಿನ ನೆಲದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಹಾಗಾಗಿ ಗ್ಯಾಸ್ ಪತ್ತೆಯ ಅಲಾರಂ ನೆಲದ ಹತ್ತಿರ ಇರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಅದಲ್ಲ, ಅದು ಬೇರೆ, ಮಲಗುವ ಕೋಣೆಗಳ ಬಳಿ ಬೇಕು.

## ಹಂತ 7: ಕೊಳವೆ ಜೋಡಣೆಯ ಕ್ರಮ

ಹೀಟರಿನಿಂದ ಹೊರಟ ಬಿಸಿನೀರಿನ ದಾರಿ ಹೀಗಿರಲಿ: ಮೊದಲು ಗಾಳಿ ಬೇರ್ಪಡಿಸುವ ಡಬ್ಬ, ಅದರ ಬುಡದಲ್ಲೇ ಎಕ್ಸ್‌ಪಾನ್ಷನ್ ಟ್ಯಾಂಕ್ (ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ, ಗಾಳಿ ತುಂಬಿದ ಟ್ಯಾಂಕ್), ಆಮೇಲೆ ಪಂಪು, ಆಮೇಲೆ ಮ್ಯಾನಿಫೋಲ್ಡ್. ಪಂಪು ಎಕ್ಸ್‌ಪಾನ್ಷನ್ ಟ್ಯಾಂಕಿನಿಂದ ಆಚೆಗೆ ತಳ್ಳಬೇಕು, ಅದರ ಕಡೆಗೆ ಅಲ್ಲ. ನಾನು ಮೊದಲ ಸಲ ಉಲ್ಟಾ ಕೂರಿಸಿ, ಚಳಿಗಾಲವಿಡೀ ಗೋಡೆಯೊಳಗೆ ಗುಳುಗುಳು ಸದ್ದು ಕೇಳುತ್ತಾ ಮಲಗಿದ್ದೇನೆ. ಉಲ್ಟಾ ಇದ್ದರೆ ಪಂಪು ಓಡಿದಾಗ ವ್ಯವಸ್ಥೆಯ ಒತ್ತಡ ಏರುವ ಬದಲು ಕುಸಿಯುತ್ತದೆ, ಕರಗಿದ ಗಾಳಿ ಗುಳ್ಳೆಯಾಗುತ್ತದೆ.

ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ಒತ್ತಡವನ್ನು ನೀರು ತುಂಬುವ ಮುಂಚೆ ನೋಡಿ, ಸಾಮಾನ್ಯವಾಗಿ 12 ಪಿಎಸ್‌ಐ. 30 ಪಿಎಸ್‌ಐ ಸುರಕ್ಷತಾ ವಾಲ್ವು ಮತ್ತು ಹೀಟರಿನ ನಡುವೆ ಯಾವ ವಾಲ್ವೂ ಇರಕೂಡದು. ಹೀಟರಿಗೂ ನೆಲಕ್ಕೂ ಬೇರೆ ಬೇರೆ ಪಂಪು ಇದ್ದರೆ, ಎರಡು ವರ್ತುಲ ಸೇರುವ ಟೀಗಳನ್ನು (ಮೂರು ಬಾಯಿಯ ಪೈಪು ಜೋಡಣೆ) ಒತ್ತೊತ್ತಾಗಿ, ಪೈಪಿನ ವ್ಯಾಸದ ನಾಲ್ಕು ಪಟ್ಟಿನೊಳಗೆ ಇಡಿ. ದೂರ ಇಟ್ಟರೆ ಒಂದು ಪಂಪು ಇನ್ನೊಂದರ ನೀರನ್ನು ಕದಿಯುತ್ತದೆ.

## ಹಂತ 8: ಪರೀಕ್ಷೆ, ತುಂಬುವುದು, ಗಾಳಿ ಓಡಿಸುವುದು

ಕಾಂಕ್ರೀಟ್ ಸುರಿಯುವ ಮುನ್ನ ಕೊಳವೆಗೆ 60 ಪಿಎಸ್‌ಐ ಆಸುಪಾಸು ಗಾಳಿ ತುಂಬಿ ರಾತ್ರಿ ಬಿಡಿ. ಸುರಿಯುವಾಗಲೂ ಗೇಜ್ ಕಣ್ಣ ಮುಂದಿರಲಿ. ಕೆಲಸದವರ ಗುದ್ದಲಿ ತಾಗಿ ಮುಳ್ಳು ಇಳಿದರೆ ಅಲ್ಲೇ ಸರಿಪಡಿಸಬಹುದು, ಮರುದಿನ ಆಗದು.

ನೀರು ತುಂಬುವಾಗ ಒಂದೊಂದೇ ಸುರುಳಿ ತೆರೆಯಿರಿ, ಉಳಿದವು ಮುಚ್ಚಿರಲಿ. ಎಲ್ಲ ಒಟ್ಟಿಗೆ ತೆರೆದರೆ ನೀರು ಸುಲಭದ ದಾರಿಯಲ್ಲಿ ಸುತ್ತುತ್ತದೆ, ಉಳಿದವುಗಳಲ್ಲಿ ಗಾಳಿ ಗಡದ್ದಾಗಿ ಕೂತಿರುತ್ತದೆ. "ಒಂದು ಕೋಣೆ ಮಾತ್ರ ತಣ್ಣಗೆ" ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಇದೇ ಮೂಲ. ಬಕೆಟ್ಟಿನಲ್ಲಿ ಮುಳುಗಿಸಿದ ಹೋಸಿನಿಂದ ಗುಳ್ಳೆ ನಿಂತು ಮೂರ್ನಾಲ್ಕು ನಿಮಿಷ ಕಳೆದ ಮೇಲೆ ಮುಂದಿನದಕ್ಕೆ ಹೋಗಿ. ಕೊನೆಗೆ 12ರಿಂದ 15 ಪಿಎಸ್‌ಐಗೆ ನಿಲ್ಲಿಸಿ.

ಚಳಿಗಾಲದಲ್ಲಿ ಊರಿಗೆ ಬಂದು ತಿಂಗಳುಗಟ್ಟಲೆ ಮನೆ ಬಿಡುವವರು ಪ್ರೊಪಿಲಿನ್ ಗ್ಲೈಕಾಲ್ ಸೇರಿಸಿ, 30 ಪ್ರತಿಶತದಷ್ಟು. ಕಾರಿನ ಆಂಟಿಫ್ರೀಜ್ ಬೇಡ, ಅದು ವಿಷ. ಕರೆಂಟು ಹೋದರೆ ಗ್ಯಾಸ್ ಇದ್ದೂ ಪಂಪು ನಿಲ್ಲುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

## ಹಂತ 9: ಮೊದಲ ಉರಿ

ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ಆಮೇಲೂ ನೀರನ್ನು 80 ಡಿಗ್ರಿಯಿಂದ ಶುರು ಮಾಡಿ ದಿನಕ್ಕೆ 5 ಡಿಗ್ರಿಯಂತೆ ಏರಿಸಿ. ನೆಲ ಬಿಸಿಯಾಗಲು ಒಂದು ದಿನವೇ ಹಿಡಿಯಬಹುದು. ಎರಡು ಗಂಟೆಗೆ ತಾಳ್ಮೆ ಕಳೆದುಕೊಂಡು ತಾಪ ಹೆಚ್ಚಿಸಿದವರ ಮನೆ ಮರುದಿನ ಒಲೆಯಾಗುತ್ತದೆ. ಇದೇ ಕಾರಣಕ್ಕೆ ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುವ ಥರ್ಮೋಸ್ಟ್ಯಾಟ್ ಕಸರತ್ತು ಕಾಂಕ್ರೀಟ್ ನೆಲಕ್ಕೆ ಹೊಂದುವುದಿಲ್ಲ.

ಹೋಗುವ ಮತ್ತು ಮರಳುವ ಪೈಪಿಗೆ ಕಟ್ಟಿದ ಥರ್ಮಾಮೀಟರುಗಳನ್ನು ಓದಿ. ವ್ಯತ್ಯಾಸ 30 ದಾಟಿದರೆ ಹರಿವು ಸಾಲದು ಅಥವಾ ಗಾಳಿ ಇದೆ. ನೆಲ ಬೆಚ್ಚಗಾದ ಮೇಲೂ ವ್ಯತ್ಯಾಸ 5ರೊಳಗಿದ್ದರೆ ಹರಿವು ಅತಿಯಾಗಿದೆ, ಅಥವಾ ಶಾಖ ನೆಲಕ್ಕೆ ಇಳಿಯುತ್ತಿಲ್ಲ. ಗ್ಯಾಸ್ ಫಿಟ್ಟರ್ ಹೊಗೆ ಅಳೆದು ಸಂಖ್ಯೆಗಳನ್ನು ಬರೆದುಕೊಡುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.

## ಇವು ಕಂಡರೆ ನಿಲ್ಲಿಸಿ

ಕೊಳೆತ ಮೊಟ್ಟೆಯ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಮನೆಯೊಳಗೆ ಫೋನ್ ಹಚ್ಚದೆ ಎಲ್ಲರೂ ಹೊರಗೆ ಬನ್ನಿ. ಟ್ಯಾಂಕಿನ ವಾಲ್ವು ಸುಲಭಕ್ಕೆ ಸಿಗುವಂತಿದ್ದರೆ ಮುಚ್ಚಿ, ದೂರ ನಿಂತು ಕರೆ ಮಾಡಿ. ಹಳದಿ ಉರಿ, ಹೊಗೆಕೊಳವೆಯ ಬಾಯಲ್ಲಿ ಮಸಿ, ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು: ಇವು ಕಾರ್ಬನ್ ಮಾನಾಕ್ಸೈಡಿನ ಗುರುತು, ತಕ್ಷಣ ಹೊರಬನ್ನಿ.

ಸುರಕ್ಷತಾ ವಾಲ್ವಿನಿಂದ ಆಗಾಗ ಹನಿ ಬೀಳುತ್ತಿದ್ದರೆ ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ಹೋಗಿದೆ ಅಥವಾ ಟ್ಯಾಂಕ್ ಚಿಕ್ಕದಾಯಿತು, ವಾಲ್ವನ್ನು ಮುಚ್ಚಿಡುವುದು ಉತ್ತರವಲ್ಲ. ವಾರಕ್ಕೊಮ್ಮೆ ನೀರು ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆ ಇದೆ. ರೆಗ್ಯುಲೇಟರಿನ ಮೇಲೆ ಸೂರಿನ ಹಿಮ ಜಾರಿ ಬೀಳುತ್ತಿದ್ದರೆ ಅದಕ್ಕೊಂದು ಮಾಡು ಕಟ್ಟಿಸಿ. ಅದರ ಉಸಿರುಗಂಡಿ ಹೆಪ್ಪುಗಟ್ಟಿದರೆ ಒಳಗೆ ಬರುವ ಒತ್ತಡ ಹದ್ದು ಮೀರುತ್ತದೆ.

ಟ್ಯಾಂಕಿನ ಗೇಜ್ 30 ಪ್ರತಿಶತಕ್ಕೆ ಇಳಿದ ದಿನವೇ ಗ್ಯಾಸಿಗೆ ಹೇಳಿ. ಬಿರುಗಾಳಿ ಹಿಮದ ವಾರದಲ್ಲಿ ಲಾರಿ ನಿಮ್ಮ ದಾರಿಗೆ ಬರುವುದಿಲ್ಲ. ಪೂರ್ತಿ ಖಾಲಿಯಾದರೆ ತುಂಬಿಸಿದ ಕೂಡಲೇ ಹಚ್ಚುವಂತಿಲ್ಲ, ಇಡೀ ಲೈನಿನ ಸೋರಿಕೆ ಪರೀಕ್ಷೆ ಮತ್ತೆ ಆಗಬೇಕು, ಅಷ್ಟರಲ್ಲಿ ನೆಲ ತಣ್ಣಗಾಗಿರುತ್ತದೆ.